ಗ್ರೀನ್‌ಹ್ಯಾಮ್ ಗೋಮಾಳದ ಹತ್ತೊಂಬತ್ತು ವರ್ಷ

ಯುದ್ಧವಿರೋಧಿ ಚಳವಳಿಗಳ ಚರಿತ್ರೆಯನ್ನು ಸಾಮಾನ್ಯವಾಗಿ ದೊಡ್ಡ ಮೆರವಣಿಗೆಗಳ ಲೆಕ್ಕದಲ್ಲಿ ಬರೆಯಲಾಗುತ್ತದೆ. 2003ರ ಫೆಬ್ರವರಿ 15ರಂದು ಲಂಡನ್ನಿನ ಬೀದಿಗಳಲ್ಲಿ ಲಕ್ಷಾಂತರ ಜನ ನೆರೆದರು. ಮರುತಿಂಗಳೇ ಬ್ರಿಟನ್ ಇರಾಕ್ ಯುದ್ಧಕ್ಕೆ ಇಳಿಯಿತು. ಸಂಜೆಗೆ ಚದುರಿಹೋಗುವ ಜನಸಾಗರವನ್ನು ಸರ್ಕಾರಗಳು ತಾಳಿಕೊಳ್ಳಬಲ್ಲವು. ದಿನ ಬೆಳಗಾದರೆ ಬಾಗಿಲಲ್ಲೇ ಇರುವ ಪ್ರತಿರೋಧವನ್ನು ತಾಳಿಕೊಳ್ಳುವುದು ಅವಕ್ಕೆ ಕಷ್ಟ. ಶಾಂತಿಯ ಕೆಲಸಕ್ಕೆ ಬಲ ಬರುವುದು ಈ ನಿತ್ಯತೆಯಿಂದ ಎನ್ನುವುದಕ್ಕೆ ಇಂಗ್ಲೆಂಡಿನ ಬರ್ಕ್‌ಷೈರಿನಲ್ಲಿರುವ ಗ್ರೀನ್‌ಹ್ಯಾಮ್ ಕಾಮನ್ ಸಾಕ್ಷಿ.

ನ್ಯೂಬರಿ ಪಟ್ಟಣದ ಪಕ್ಕದ ಈ ಗೋಮಾಳವನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ವಾಯುನೆಲೆಯಾಗಿ ಮಾಡಲಾಗಿತ್ತು. 1979ರ ಡಿಸೆಂಬರಿನಲ್ಲಿ ನೇಟೋ ಕೂಟ ಪಶ್ಚಿಮ ಯುರೋಪಿನಲ್ಲಿ ಅಮೆರಿಕದ ಹೊಸ ಅಣ್ವಸ್ತ್ರ ಕ್ಷಿಪಣಿಗಳನ್ನು ಇರಿಸಲು ತೀರ್ಮಾನಿಸಿತು. 96 ಕ್ರೂಸ್ ಕ್ಷಿಪಣಿಗಳು ಗ್ರೀನ್‌ಹ್ಯಾಮಿನ ಪಾಲಿಗೆ ಬಂದವು. ಇದನ್ನು ವಿರೋಧಿಸಿ ವೇಲ್ಸ್‌ನ ಕಾರ್ಡಿಫ್‌ನಿಂದ ಹೊರಟ ಮಹಿಳೆಯರ ಸಣ್ಣ ತಂಡವೊಂದು ಸುಮಾರು 190 ಕಿಲೋಮೀಟರ್ ನಡೆದು 1981ರ ಸೆಪ್ಟೆಂಬರ್ 5ರಂದು ಅಲ್ಲಿಗೆ ತಲುಪಿತು. ಅವರು ಕೇಳಿದ್ದು ಒಂದು ಬಹಿರಂಗ ಚರ್ಚೆ. ಅದು ಸಿಗದಿದ್ದಾಗ ಕೆಲವರು ಅಲ್ಲೇ ಶಿಬಿರ ಹೂಡಿ ಉಳಿದರು. 1982ರ ಡಿಸೆಂಬರ್ 12ರಂದು ಸುಮಾರು 30,000 ಮಹಿಳೆಯರು ಕೈಕೈ ಹಿಡಿದು 14 ಕಿಲೋಮೀಟರಿನಷ್ಟು ಉದ್ದದ ಬೇಲಿಯನ್ನು ಸುತ್ತುವರಿದರು. ಪತ್ರಿಕೆಗಳು ನೆನಪಿಟ್ಟಿದ್ದು ಆ ದಿನವನ್ನು. ಆದರೆ ಅದಕ್ಕೆ ನೆಲೆಯಾಗಿದ್ದದ್ದು ಉಳಿದ ದಿನಗಳು: ಸೌದೆ ತರುವುದು, ಬಯಲಲ್ಲೇ ಅಡುಗೆ ಮಾಡುವುದು, ಕೊಂಬೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಸೂರು ಮಾಡಿಕೊಳ್ಳುವುದು, ತೆರವು ಮಾಡಿಸಿದರೆ ಮತ್ತೆ ಕಟ್ಟುವುದು.

ಈ ಇರುವಿಕೆಗೆ ಸ್ಪಷ್ಟ ಫಲಗಳಿದ್ದವು. ಬಿಕ್ಕಟ್ಟಿನ ಹೊತ್ತಿನಲ್ಲಿ ಕ್ರೂಸ್ ಕ್ಷಿಪಣಿಗಳನ್ನು ಭಾರಿ ಲಾರಿಗಳಲ್ಲಿ ಹೊರಗೊಯ್ದು ಹಳ್ಳಿಗಾಡಿನಲ್ಲಿ ಮರೆಯಾಗಿಸುವುದು ಸೇನೆಯ ಯೋಜನೆ. ಗೇಟುಗಳಲ್ಲಿ ಹಗಲಿರುಳು ಜನ ಇದ್ದುದರಿಂದ, ತಾಲೀಮಿಗೆಂದು ವಾಹನಗಳ ಸಾಲು ಹೊರಟರೆ ಸುದ್ದಿ ದೂರವಾಣಿಯಲ್ಲಿ ಹರಡುತ್ತಿತ್ತು. 'ಕ್ರೂಸ್‌ವಾಚ್' ಜಾಲದವರು ಸಾಲ್ಸ್‌ಬರಿ ಬಯಲಿನವರೆಗೂ ಬೆನ್ನುಹತ್ತುತ್ತಿದ್ದರು. ಗುಟ್ಟಿನ ಮೇಲೆ ನಿಂತ ಯೋಜನೆ ಬಯಲಾಗುತ್ತಲೇ ಹೋಯಿತು. ನ್ಯಾಯಾಲಯದಲ್ಲೂ ಹಾಗೆಯೇ. ನೆಲೆಯೊಳಗೆ ಹೋದವರನ್ನು ಶಿಕ್ಷಿಸಲು 1985ರಲ್ಲಿ ತಂದ ಉಪನಿಯಮಗಳು ಗೋಮಾಳದ ಮೇಲೆ ಊರವರಿಗಿದ್ದ ಹಕ್ಕನ್ನು ಕಡೆಗಣಿಸಿದ್ದವು. 1990ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅವನ್ನು ಅಸಿಂಧುಗೊಳಿಸಿತು. ಮತ್ತೆ ಮತ್ತೆ ಒಳಹೋಗಿ ಬಂಧನಕ್ಕೆ ಒಳಗಾದವರಿದ್ದುದರಿಂದಲೇ ಆ ಪ್ರಶ್ನೆ ಅಷ್ಟು ಎತ್ತರಕ್ಕೆ ಹೋಯಿತು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. 1983ರ ನವೆಂಬರಿನಲ್ಲಿ ಕ್ಷಿಪಣಿಗಳು ಬಂದೇ ಬಂದವು; ಅವನ್ನು ಹೊರಡಿಸಿದ್ದು 1987ರಲ್ಲಿ ರೇಗನ್ ಮತ್ತು ಗೊರ್ಬಚೆವ್ ಸಹಿ ಹಾಕಿದ ಒಪ್ಪಂದ, ಮತ್ತು ಅಂಥ ಒಪ್ಪಂದ ಸಾಧ್ಯವಾದದ್ದೇ ನೇಟೋ ಬಗ್ಗದಿದ್ದುದರಿಂದ ಎನ್ನುವವರಿದ್ದಾರೆ. ಸೋವಿಯತ್ ಎಸ್‌ಎಸ್-20 ಕ್ಷಿಪಣಿಗಳೂ ಅದೇ ಒಪ್ಪಂದದಲ್ಲಿ ನಾಶವಾದವೆಂಬುದನ್ನು ಮರೆಯಬಾರದು. ಸಹಿ ಹಾಕಿಸಿದ್ದು ಶಿಬಿರವೇ ಎಂದು ಹೇಳಿದರೆ ಅತಿಯಾಗುತ್ತದೆ. ಆದರೆ ಸೇನೆಯೊಳಗಿನ ವಿಷಯವಾಗಿ ಮುಗಿದುಹೋಗಬಹುದಾಗಿದ್ದ ನಿರ್ಧಾರವೊಂದನ್ನು ಮನೆಮನೆಯ ಮಾತಾಗಿಸಿದ್ದು, ಕ್ಷಿಪಣಿಗಳು ಬಂದ ಮೇಲೂ ಅವು ಸಹಜವೆನಿಸದಂತೆ ನೋಡಿಕೊಂಡದ್ದು ಆ ಹೆಂಗಸರು. ಅಸ್ತ್ರವನ್ನು ತೆಗೆಯುವ ಅಧಿಕಾರ ಅವರಿಗಿರಲಿಲ್ಲ. ಅದಕ್ಕೆ ಒಗ್ಗಿಹೋಗದಿರುವ ಸ್ವಾತಂತ್ರ್ಯವಿತ್ತು, ಅದನ್ನವರು ಪೂರ್ಣವಾಗಿ ಬಳಸಿದರು.

ಕೊನೆಯ ಕ್ಷಿಪಣಿ 1991ರಲ್ಲಿ ಹೊರಟಿತು. ಶಿಬಿರ 2000ದವರೆಗೂ ಇತ್ತು; ಅದೇ ವರ್ಷ ಗೋಮಾಳ ಜನರಿಗೆ ಮತ್ತೆ ತೆರೆಯಿತು. ಆದರೆ 2019ರಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರಬಂತು, ಒಪ್ಪಂದ ಮುಗಿಯಿತು. ಒಮ್ಮೆ ಗೆದ್ದ ಶಾಂತಿ ತಾನಾಗಿ ಉಳಿಯುವುದಿಲ್ಲ. ಸಹಿಯ ದಿನವನ್ನು ಆಚರಿಸಿ ಮನೆಗೆ ಹೋಗುವ ಸಮಾಜ ಅದನ್ನು ಕಳೆದುಕೊಳ್ಳುತ್ತದೆ. ಅದನ್ನು ಕಾಯುವುದು ದಿನದಿನದ ಕೆಲಸವೆಂದು ತಿಳಿದವರು ಮಾತ್ರ ಉಳಿಸಿಕೊಳ್ಳಬಲ್ಲರು.