ಸಸ್ಪೆನ್ಷನ್ ಹೊಂದಾಣಿಕೆ ಮತ್ತು ಅಂಡರ್‌ಸ್ಟಿಯರ್: ಇತಿಹಾಸ

ಸಸ್ಪೆನ್ಷನ್ ಹೊಂದಾಣಿಕೆ: ತಿರುವಿನಲ್ಲಿ ಕಾರು ಚಾಲಕ ಬಯಸಿದ ದಾರಿಯಲ್ಲೇ ಸಾಗುವಂತೆ ಅದರ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಆಂಟಿರೋಲ್ ಬಾರು, ಚಕ್ರಗಳ ಕೋನ ಮತ್ತು ಟೈರಿನ ಗಾಳಿಯನ್ನು ಒಂದಕ್ಕೊಂದು ಹೊಂದಿಸುವ ಕೆಲಸ. ವೇಗವಾಗಿ ತಿರುವಿಗೆ ನುಗ್ಗಿದ ಕಾರು ಸ್ಟೀರಿಂಗ್ ತಿರುಗಿಸಿದಷ್ಟು ತಿರುಗದೆ ಮೂತಿಯನ್ನು ಹೊರಕ್ಕೆ ಒಯ್ದರೆ ಅದು ಅಂಡರ್‌ಸ್ಟಿಯರ್. ಹಿಂಭಾಗ ಜಾರಿ, ಬೇಕಾದ್ದಕ್ಕಿಂತ ಹೆಚ್ಚು ತಿರುಗಿಬಿಟ್ಟರೆ ಓವರ್‌ಸ್ಟಿಯರ್. ಮೊದಲನೆಯದನ್ನು ಕಾರ್ಖಾನೆಯ ಲೋಪವೆಂದೇ ತಿಳಿದು ರಿಪೇರಿಗೆ ಇಳಿಯುವ ಹವ್ಯಾಸಿಗಳು ಬಹಳ. ಆದರೆ ಅದು ತಯಾರಕರು ಬೇಕೆಂದೇ ಇಟ್ಟ ಗುಣ. ಹಾಗೆ ಇಡಬೇಕೆಂಬುದು ಉದ್ಯಮಕ್ಕೆ ಮನದಟ್ಟಾಗಲು ಕೆಲವು ದಶಕಗಳೇ ಹಿಡಿದವು, ಕೆಲವು ಕೋರ್ಟು ಕಚೇರಿಗಳೂ ಬೇಕಾದವು.

ಟೈರನ್ನು ಅರಿಯುವ ಮುನ್ನ

ಮ್ಯೂನಿಕ್‌ನ ಗಾಡಿ ತಯಾರಕ ಗೆಯಾರ್ಗ್ ಲಾಂಕೆನ್‌ಸ್ಪೆರ್ಗರ್ 1817ರಲ್ಲಿ ಕಂಡುಹಿಡಿದ, ಮರುವರ್ಷ ಲಂಡನ್ನಿನಲ್ಲಿ ರುಡಾಲ್ಫ್ ಆಕರ್ಮನ್ ಪೇಟೆಂಟ್ ಪಡೆದ ಸ್ಟೀರಿಂಗ್ ವಿನ್ಯಾಸದಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗುತ್ತದೆ. ಕುದುರೆಗಾಡಿಗೆ ಅಷ್ಟು ಸಾಕಾಗಿತ್ತು. ಚಕ್ರ ಯಾವ ಕಡೆ ಮುಖ ಮಾಡಿದೆಯೋ ಆ ಕಡೆಗೇ ಉರುಳುತ್ತದೆ ಎಂಬ ಆ ವಿನ್ಯಾಸದ ನಂಬಿಕೆಯನ್ನು ಮೋಟಾರು ಕಾರಿನವರೂ ಪ್ರಶ್ನಿಸದೆ ಒಪ್ಪಿಕೊಂಡರು. ಗಟ್ಟಿ ಆಕ್ಸಲ್ಲು, ಅದರ ಮೇಲೆ ಕಮಾನು ಪಟ್ಟಿಯ ಸ್ಪ್ರಿಂಗು, ಇವೂ ಗಾಡಿಯಿಂದಲೇ ಬಂದವು.

ಗಾಳಿ ತುಂಬಿದ ಟೈರು ಹಾಗೆ ನಡೆದುಕೊಳ್ಳುವುದಿಲ್ಲ. ಅದು ನೆಲ ಮುಟ್ಟುವ ಜಾಗ ಸುಮಾರು ಅಂಗೈಯಗಲ. ತಿರುವಿನಲ್ಲಿ ಪಕ್ಕದ ಬಲ ಬಿದ್ದಾಗ ಆ ರಬ್ಬರು ತಿರುಚಿಕೊಳ್ಳುತ್ತದೆ. ಚಕ್ರದ ಮುಖ ಒಂದು ಕಡೆ ಇದ್ದರೆ ಅದು ಸಾಗುವ ದಿಕ್ಕು ಕೆಲವು ಡಿಗ್ರಿ ಆಚೆಗೆ ಇರುತ್ತದೆ. ಈ ಅಂತರಕ್ಕೆ ಸ್ಲಿಪ್ ಆ್ಯಂಗಲ್ ಎಂದು ಹೆಸರು. ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಬ್ರೂಲಿಯೆ 1925ರಲ್ಲಿ ಇದನ್ನು ಮೊದಲಿಗೆ ವಿವರಿಸಿದ. ಮುಂದಿನ ಟೈರುಗಳ ಸ್ಲಿಪ್ ಆ್ಯಂಗಲ್ ಹಿಂದಿನವುಗಳದ್ದಕ್ಕಿಂತ ಹೆಚ್ಚಾದರೆ ಅಂಡರ್‌ಸ್ಟಿಯರ್, ಕಡಿಮೆಯಾದರೆ ಓವರ್‌ಸ್ಟಿಯರ್. ಸಸ್ಪೆನ್ಷನ್ನಿಗೆ ಕೈಹಾಕುವವನು ಕೊನೆಗೆ ಬದಲಿಸುತ್ತಿರುವುದು ಈ ಎರಡು ಕೋನಗಳ ವ್ಯತ್ಯಾಸವನ್ನೇ.

ಮಾರಿಸ್ ಆಲಿ

ಈ ಎರಡು ಪದಗಳನ್ನು ಬಳಕೆಗೆ ತಂದವನು ವೇಲ್ಸ್‌ನಲ್ಲಿ ಹುಟ್ಟಿದ ಮಾರಿಸ್ ಆಲಿ. ಹೆನ್ರಿ ರಾಯ್ಸ್‌ನ ಕೈಕೆಳಗೆ ಪಳಗಿ, ರೋಲ್ಸ್‌ರಾಯ್ಸ್‌ನ ಅಮೆರಿಕದ ಕಾರ್ಖಾನೆಯಲ್ಲಿ ದುಡಿದು, 1930ರಲ್ಲಿ ಈತ ಜನರಲ್ ಮೋಟರ್ಸ್‌ನ ಕ್ಯಾಡಿಲಾಕ್ ಸೇರಿದ. ಕಂಪನಿಗೆ ಬೇಕಾಗಿದ್ದುದು ತಿರುವಿನ ಚುರುಕಲ್ಲ, ಮೆತ್ತನೆಯ ಸವಾರಿ. ತೂಕಗಳನ್ನು ಹಿಂದೆ ಮುಂದೆ ಸರಿಸಬಹುದಾದ ಪ್ರಯೋಗದ ಕಾರೊಂದನ್ನು ಆಲಿ 1932ರಲ್ಲಿ ಸಿದ್ಧಪಡಿಸಿದ. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೃದುವಾಗಿದ್ದರೆ ಸವಾರಿ ಸಮತಟ್ಟಾಗುತ್ತದೆಂದು ಅದು ತೋರಿಸಿತು. ಹಳೆಯ ಗಟ್ಟಿ ಆಕ್ಸಲ್ಲಿಗೆ ಅಂಥ ಮೃದು ಸ್ಪ್ರಿಂಗು ಹಾಕಿದರೆ ಚಕ್ರಗಳು ನಡುಗತೊಡಗುತ್ತಿದ್ದವು. ಹಾಗಾಗಿ ಮುಂದಿನ ಎರಡು ಚಕ್ರಗಳೂ ಬಿಡಿಬಿಡಿಯಾಗಿ ಏರಿಳಿಯುವ ಸಸ್ಪೆನ್ಷನ್ ಅನಿವಾರ್ಯವಾಗಿ, ಕಂಪನಿಯ 1934ರ ಮಾದರಿಗಳಲ್ಲಿ ಬಂತು. ಇಟಲಿಯ ಲಾನ್ಸಿಯಾ ಲಾಂಬ್ಡಾ ಇದನ್ನು ಬೇರೆ ರೀತಿಯಲ್ಲಿ 1922ರಲ್ಲೇ ಮಾಡಿ ತೋರಿಸಿತ್ತು.

ಮೆತ್ತಗಾದ ಕಾರು ತಿರುವಿನಲ್ಲಿ ವಾಲುವುದೂ ಹೆಚ್ಚುತ್ತದೆ. ಇದಕ್ಕೆ ಮದ್ದು ಆಂಟಿರೋಲ್ ಬಾರು: ಎಡಬಲ ಚಕ್ರಗಳನ್ನು ಜೋಡಿಸುವ, ತಿರುಚಿಕೊಂಡಾಗ ಪ್ರತಿರೋಧ ಒಡ್ಡುವ ಉಕ್ಕಿನ ಸಲಾಕೆ. ಕೆನಡಾದ ಸ್ಟೀಫನ್ ಕೋಲ್ಮನ್ 1919ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ವಾಲುವುದನ್ನು ತಡೆಯುವುದು ಬಾರಿನ ಅರ್ಧ ಕೆಲಸ ಮಾತ್ರ. ಇನ್ನರ್ಧ ಮೊದಲ ಕೇಳ್ವಿಗೆ ವಿಚಿತ್ರವೆನಿಸುತ್ತದೆ. ಟೈರಿನ ಮೇಲಿನ ಹೊರೆ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಎಷ್ಟು ಹೊರೆ ದಾಟುತ್ತದೋ ಆ ಜೋಡಿಯ ಒಟ್ಟು ಹಿಡಿತ ಅಷ್ಟು ಕುಗ್ಗುತ್ತದೆ. ಬಾರು ಗಟ್ಟಿಯಾದ ಕಡೆ ಹೆಚ್ಚು ಹೊರೆ ದಾಟುತ್ತದೆ. ಆದ್ದರಿಂದ ಮುಂದೆ ದಪ್ಪ ಬಾರು ಹಾಕಿದರೆ ಅಂಡರ್‌ಸ್ಟಿಯರ್ ಹೆಚ್ಚುತ್ತದೆ, ಹಿಂದೆ ಹಾಕಿದರೆ ತಗ್ಗುತ್ತದೆ. ಜಾರುತ್ತಿರುವುದು ಮುಂದಿನ ಚಕ್ರವಾದರೂ ಕೈಹಾಕಬೇಕಾದದ್ದು ಎಷ್ಟೋ ಸಲ ಹಿಂದಿನದಕ್ಕೆ.

ಸಾಮಾನ್ಯ ಚಾಲಕನಿಗೆ ಕೊಂಚ ಅಂಡರ್‌ಸ್ಟಿಯರ್ ಇರುವ ಕಾರೇ ಕ್ಷೇಮ ಎಂಬುದು ಆಲಿಯ ನಿಲುವು. ಗಾಬರಿಯಾದವನು ಮಾಡುವ ಎರಡು ಕೆಲಸ, ಆಕ್ಸಿಲರೇಟರ್ ಬಿಡುವುದು ಮತ್ತು ಸ್ಟೀರಿಂಗನ್ನು ಇನ್ನಷ್ಟು ಒಳಕ್ಕೆ ತಿರುಗಿಸುವುದು, ಅಂಥ ಕಾರನ್ನು ಸಾಮಾನ್ಯವಾಗಿ ದಾರಿಗೆ ತರುತ್ತವೆ. ಓವರ್‌ಸ್ಟಿಯರ್ ಆಗುತ್ತಿರುವ ಕಾರನ್ನು ಅವೇ ಗಿರಕಿ ಹೊಡೆಸುತ್ತವೆ.

ಯುರೋಪಿನ ರೇಸುಗಳಲ್ಲಿ ಮೃದು ಸ್ಪ್ರಿಂಗಿನ ಪಾಠ ಬೇರೆ ಬಾಗಿಲಿನಿಂದ ಬಂತು. 1936ರಲ್ಲಿ ಸೋತು ಸುಣ್ಣವಾದ ಮರ್ಸಿಡಿಸ್ ತಂಡದ ಕಾರನ್ನು ಎಂಜಿನಿಯರ್ ರುಡಾಲ್ಫ್ ಉಲೆನ್‌ಹೌಟ್ ತಾನೇ ನ್ಯೂರ್ಬುರ್ಗ್‌ರಿಂಗ್‌ನಲ್ಲಿ ಓಡಿಸಿ ನೋಡಿದ. ಸ್ಪ್ರಿಂಗು ಕಲ್ಲಿನಂತೆ ಗಟ್ಟಿ, ಚಾಸಿಸ್ಸೇ ಬಳುಕುತ್ತಿದೆ ಎಂಬುದು ಅವನಿಗೆ ತಿಳಿಯಿತು. 1937ರ ಡಬ್ಲ್ಯು125ರಲ್ಲಿ ಲೆಕ್ಕ ತಲೆಕೆಳಗಾಯಿತು: ಗಟ್ಟಿ ಚಾಸಿಸ್, ಮೃದು ಸ್ಪ್ರಿಂಗು. ಆ ವರ್ಷದ ಯುರೋಪಿಯನ್ ಚಾಂಪಿಯನ್‌ಪಟ್ಟ ಅದನ್ನು ಓಡಿಸಿದ ರುಡಾಲ್ಫ್ ಕರಾಚಿಯೋಲಾನದಾಯಿತು. ಯುದ್ಧಾನಂತರ ಲೋಟಸ್‌ನ ಕಾಲಿನ್ ಚಾಪ್ಮನ್ ಇದೇ ಹಾದಿ ಹಿಡಿದ. 1962ರ ಎಲಾನ್ ಅದರ ಫಲ. ಗಟ್ಟಿ ಸ್ಪ್ರಿಂಗು ಹಾಕಿಸಿದರೆ ಕಾರು ಚುರುಕಾಗುತ್ತದೆಂಬ ಗ್ಯಾರೇಜ್ ನಂಬಿಕೆ ಮಾತ್ರ ಇಂದಿಗೂ ಅಳಿದಿಲ್ಲ.

ಕಾರ್ವೇರ್ ಪ್ರಕರಣ

ಆಲಿ ದುಡಿದ ಕಂಪನಿಯೇ 1960ರಲ್ಲಿ ಅವನ ಪಾಠಕ್ಕೆ ಬೆನ್ನು ತೋರಿಸಿತು. ಷೆವರ್ಲೆ ಕಾರ್ವೇರ್‌ಗೆ ಎಂಜಿನ್ ಹಿಂದೆ ಇತ್ತು, ತೂಕದ ಹೆಚ್ಚು ಪಾಲೂ ಹಿಂದೆಯೇ. ಹಿಂದಿನ ಚಕ್ರಗಳದ್ದು ಸ್ವಿಂಗ್ ಆಕ್ಸಲ್, ಎಂದರೆ ಡಿಫರೆನ್ಷಿಯಲ್ ಬಳಿ ಮಾತ್ರ ಮಡಚುವ ಎರಡು ತೋಳು. ಬಿರುಸಾದ ತಿರುವಿನಲ್ಲಿ ಹಿಂಭಾಗ ಮೇಲೆದ್ದರೆ ಹೊರಚಕ್ರ ಅಡಿಗೆ ಮಡಚಿಕೊಂಡು ಹಿಡಿತ ಥಟ್ಟನೆ ತಪ್ಪುತ್ತಿತ್ತು. ಮುಂದೆ ಒಂದು ಆಂಟಿರೋಲ್ ಬಾರು ಹಾಕಿದ್ದರೆ ಅಪಾಯ ಬಹಳಷ್ಟು ತಗ್ಗುತ್ತಿತ್ತು. ಅದರ ಬದಲು ತಯಾರಕರು ಟೈರಿನ ಗಾಳಿಯನ್ನೇ ನೆಚ್ಚಿಕೊಂಡರು: ಚದರ ಅಂಗುಲಕ್ಕೆ ಮುಂದೆ 15 ಪೌಂಡ್, ಹಿಂದೆ 26. ಮುಂದಿನ ಟೈರು ಮೆತ್ತಗಿದ್ದರೆ ಅದರ ಸ್ಲಿಪ್ ಆ್ಯಂಗಲ್ ಹೆಚ್ಚಿ ಅಂಡರ್‌ಸ್ಟಿಯರ್ ಬರುತ್ತದೆ. ಲೆಕ್ಕ ಸರಿಯೇ. ಆದರೆ ಪೆಟ್ರೋಲ್ ಬಂಕಿನ ಹುಡುಗ ನಾಲ್ಕೂ ಟೈರಿಗೆ ಒಂದೇ ಸಮ ಗಾಳಿ ಹೊಡೆದರೆ ಮುಗಿಯಿತು!

ರಾಲ್ಫ್ ನೇಡರ್ 1965ರಲ್ಲಿ ಪ್ರಕಟಿಸಿದ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದ ಮೊದಲ ಅಧ್ಯಾಯವೇ ಕಾರ್ವೇರ್ ಕುರಿತದ್ದು. ಅಷ್ಟರಲ್ಲಿ 1964ರ ಮಾದರಿಗೆ ಮುಂದಿನ ಬಾರು ಸೇರಿತ್ತು, 1965ರಲ್ಲಿ ಹಿಂದಿನ ಸಸ್ಪೆನ್ಷನ್ನೇ ಬದಲಾಗಿತ್ತು. ಹಳೆಯ ಕಾರ್ವೇರ್ ತನ್ನ ಕಾಲದ ಇತರ ಕಾರುಗಳಿಗಿಂತ ಕೆಟ್ಟದ್ದೇನಲ್ಲ ಎಂದು ಅಮೆರಿಕದ ಸರ್ಕಾರಿ ವರದಿ 1972ರಲ್ಲಿ ಹೇಳಿದಾಗ ಅದನ್ನು ಕೇಳುವವರಿರಲಿಲ್ಲ. ಹಿಂದೆ ಎಂಜಿನ್ ಇದ್ದ ಪೋರ್ಷೆ 911ಕ್ಕೂ ಇದೇ ತಲೆನೋವು. ಆರಂಭದ ಕೆಲವು ಕಾರುಗಳ ಮುಂದಿನ ಬಂಪರಿನೊಳಗೆ ಎರಕದ ಕಬ್ಬಿಣದ ತೂಕಗಳನ್ನು ಅಡಗಿಸಿಟ್ಟರು. 1969ರ ಮಾದರಿಗೆ ಚಕ್ರಾಂತರವನ್ನು 57 ಮಿಲಿಮೀಟರ್ ಹೆಚ್ಚಿಸಿ ನಿಟ್ಟುಸಿರು ಬಿಟ್ಟರು. ಅಲ್ಲಿಂದೀಚೆಗೆ ಮನೆಬಳಕೆಯ ಕಾರನ್ನು ಅಂಡರ್‌ಸ್ಟಿಯರ್ ಕಡೆಗೆ ವಾಲಿಸಿಯೇ ಮಾರುವುದು ರೂಢಿಯಾಯಿತು.

ಮುಂಚಕ್ರ ಚಾಲನೆಯ ಕಾರುಗಳು

ಅಲೆಕ್ ಇಸಿಗೊನಿಸ್‌ನ ಮಿನಿ (1959) ಎಂಜಿನ್ನನ್ನು ಅಡ್ಡ ಮಲಗಿಸಿ ಮುಂದಿನ ಚಕ್ರಗಳಿಗೆ ಜೋಡಿಸಿತು. ಅಲೆಕ್ಸ್ ಮೌಲ್ಟನ್ ಅದಕ್ಕೆ ಉಕ್ಕಿನ ಬದಲು ರಬ್ಬರಿನ ಸ್ಪ್ರಿಂಗು ಕೊಟ್ಟ. ತಿರುಗುವುದು, ಎಳೆಯುವುದು, ಹೆಚ್ಚಿನ ಭಾರ ಹೊರುವುದು ಮೂರೂ ಮುಂದಿನ ಎರಡು ಟೈರುಗಳ ಪಾಲಿಗೆ ಬಂದುದರಿಂದ ಅಂಡರ್‌ಸ್ಟಿಯರ್ ಇಂಥ ಕಾರುಗಳಿಗೆ ಹುಟ್ಟುಗುಣವಾಯಿತು. ಮಿನಿಯ ಹಗುರ ಮೈ ಅದನ್ನು ಮರೆಮಾಚಿತು. ಅದು 1964ರ ಮಾಂಟೆ ಕಾರ್ಲೊ ರ‍್ಯಾಲಿಯನ್ನೂ ಗೆದ್ದಿತು. ರೇಸಿನವರು ಮುಂದಿನ ಚಕ್ರಗಳ ತಲೆಯನ್ನು ಒಂದೂವರೆ ಡಿಗ್ರಿಯಷ್ಟು ಒಳಕ್ಕೆ ವಾಲಿಸಲು ಉದ್ದನೆಯ ಕೆಳತೋಳು ಹಾಕುತ್ತಿದ್ದರು. ನೆಗೆಟಿವ್ ಕ್ಯಾಂಬರ್ ಎನ್ನುವ ಈ ಹೊಂದಾಣಿಕೆಯಿಂದ ಕಾರು ವಾಲಿದಾಗಲೂ ಹೊರಗಿನ ಟೈರು ಪೂರ್ತಿ ಅಗಲದಲ್ಲಿ ನೆಲ ಹಿಡಿಯುತ್ತದೆ. ನೇರ ರಸ್ತೆಯಲ್ಲಿ ಟೈರಿನ ಒಳಅಂಚು ಬೇಗ ಸವೆಯುವುದು ಅದರ ಬೆಲೆ.

1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಹಿಂದೆ ಬಾರು ಹಾಕಿಕೊಂಡು ಬಂತು. ಬಿರುಸಾಗಿ ತಿರುಗುವಾಗ ಅದರ ಒಳಗಿನ ಹಿಂಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತಿರುವ ಚಿತ್ರಗಳನ್ನು ನೋಡಿದವರು ಗಾಬರಿಯಾಗುತ್ತಾರೆ. ಮೇಲೆ ಹೇಳಿದ ಲೆಕ್ಕದ ತುದಿ ಅದು: ಹಿಂದಿನ ಹೊರೆಯೆಲ್ಲ ಹೊರಚಕ್ರಕ್ಕೆ ದಾಟಿದೆ, ಮುಂದಿನ ಎರಡೂ ಚಕ್ರಗಳು ನೆಲ ಕಚ್ಚಿವೆ. 1984ರ ಪೂಜೊ 205 ಜಿಟಿಐ ಇನ್ನೂ ಮುಂದೆ ಹೋಯಿತು. ನಡು ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟವರನ್ನು ಅದು ಹಿಂದುಮುಂದಾಗಿ ನಿಲ್ಲಿಸಿದ್ದುಂಟು.

ಅಮೆರಿಕದಲ್ಲಿ ವಿಲಿಯಂ ಮಿಲಿಕೆನ್ ಮತ್ತು ಕಾರ್ನೆಲ್ ವೈಮಾನಿಕ ಪ್ರಯೋಗಾಲಯದ ಸಂಗಡಿಗರು ವಿಮಾನದ ಸ್ಥಿರತೆಯ ಗಣಿತವನ್ನು ಕಾರಿಗೆ ಅನ್ವಯಿಸಿ 1956ರಲ್ಲಿ ಪ್ರಬಂಧಗಳನ್ನು ಮಂಡಿಸಿದ್ದರು. ಅದು ರೇಸಿನ ಅಂಗಳಕ್ಕೆ ಇಳಿಯಲು ಮಾರ್ಕ್ ಡೊನಹ್ಯೂನಂಥ ಎಂಜಿನಿಯರ್ ಚಾಲಕರು ಬೇಕಾಯಿತು. ವೃತ್ತಾಕಾರದ ಬಯಲಿನಲ್ಲಿ ಸುತ್ತು ಹೊಡೆಯುತ್ತ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಅಳೆಯುವುದು ಅವನ ಕ್ರಮ. ಕ್ಯಾರಲ್ ಸ್ಮಿತ್‌ನ ‘ಟ್ಯೂನ್ ಟು ವಿನ್’ (1978) ಈ ಶಿಸ್ತನ್ನು ಸಣ್ಣ ತಂಡಗಳ ಕೈಗೂ ಎಟುಕಿಸಿತು.

1995ರಿಂದ ಮರ್ಸಿಡಿಸ್‌ನಲ್ಲಿ ಬಂದ, ಚಕ್ರಗಳಿಗೆ ಬೇರೆಬೇರೆಯಾಗಿ ಬ್ರೇಕ್ ಹಾಕಿ ಜಾರುವಿಕೆ ತಡೆಯುವ ಇಎಸ್‌ಪಿ ತಯಾರಕರ ಓವರ್‌ಸ್ಟಿಯರ್ ಭಯವನ್ನು ಕಡಿಮೆ ಮಾಡಿತು. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದರ ಪರೀಕ್ಷೆಯಲ್ಲಿ ಎ-ಕ್ಲಾಸ್ ಮಗುಚಿದಾಗ ಕಂಪನಿ ಸಸ್ಪೆನ್ಷನ್ ತಿದ್ದಿದ್ದಲ್ಲದೆ ಆ ಚಿಕ್ಕ ಕಾರಿಗೂ ಇಎಸ್‌ಪಿ ಕೊಟ್ಟಿತು.

ಭಾರತದಲ್ಲಿ

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಹಿಂಚಕ್ರ ಚಾಲನೆಯ ಯುಗ 1983ರ ಮಾರುತಿ 800ರೊಂದಿಗೆ ಹಿಂದೆ ಸರಿಯಿತು. ರ‍್ಯಾಲಿಗಳಲ್ಲಿ ಬಹುಕಾಲ ಮೆರೆದದ್ದು ಮಾತ್ರ ಕಮಾನು ಪಟ್ಟಿಯ ಮಾರುತಿ ಜಿಪ್ಸಿ. ಬೆಂಗಳೂರಿನ ಕೆ-1000 ಆಗಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಯಾಗಲಿ, ಮಣ್ಣಿನ ದಾರಿಯಲ್ಲಿ ಡಾಂಬರಿನ ಸೂತ್ರ ನಡೆಯುವುದಿಲ್ಲ. ಅಲ್ಲಿ ಚಕ್ರ ಆಳಕ್ಕೆ ಏರಿಳಿಯಬೇಕು, ಸ್ಪ್ರಿಂಗು ಮೃದುವಾಗಿರಬೇಕು, ಬಾರು ತೆಳುವಾಗಿರಬೇಕು.

ಊರೊಳಗೆ ಹೆಚ್ಚು ಕಾಣುವುದು ಸ್ಪ್ರಿಂಗು ಕತ್ತರಿಸಿ ಕಾರನ್ನು ತಗ್ಗಿಸುವ ಚಾಳಿ. ನಮ್ಮ ಬಹುಪಾಲು ಸಣ್ಣ ಕಾರುಗಳ ಮುಂದೆ ಇರುವುದು 1940ರ ದಶಕದಲ್ಲಿ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಸ್ಟ್ರಟ್, ಎಂದರೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರು ಒಂದೇ ಕಂಬದಲ್ಲಿ ಸೇರಿದ ಜೋಡಣೆ. ಅದನ್ನು ಅತಿಯಾಗಿ ತಗ್ಗಿಸಿದರೆ ಕೆಳತೋಳು ಹೊರತುದಿಯಲ್ಲಿ ಮೇಲಕ್ಕೆ ವಾಲಿ, ಕಾರು ವಾಲುವ ಕೇಂದ್ರಬಿಂದು ಅದರ ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಇಷ್ಟು ಖರ್ಚು ಮಾಡಿದ ಮೇಲೆ ಆ ಕಾರನ್ನು ವಾಲಿಸುವ ಬಲ ಮೊದಲಿಗಿಂತ ಹೆಚ್ಚೇ ಆಗಿರುತ್ತದೆ, ಕ್ಯಾಂಬರ್ ಕೆಡುತ್ತದೆ, ಅಂಡರ್‌ಸ್ಟಿಯರ್ ಇದ್ದಲ್ಲೇ ಇರುತ್ತದೆ.