ಬರಿ, ವರ್ಗ, ಡಿಕ್ಲರೇಶನ್: ಕುಟುಂಬದ ಮೂಲ ಹುಡುಕುವ ದಾರಿಗಳು

ಮದುವೆ ತಡವಾದರೆ, ಮಕ್ಕಳಾಗದಿದ್ದರೆ, ವ್ಯಾಪಾರ ಕೈಕೊಟ್ಟರೆ ಮುಂಬಯಿಯಲ್ಲಿ ನೆಲೆಸಿದ ತುಳುವರ ಮನೆಯವರೂ ಊರಿಗೆ ಬಂದು ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸುತ್ತಾರೆ. ಮೂಲನಾಗನಿಗೆ ಸೇವೆ ಸಲ್ಲುತ್ತಿಲ್ಲ ಎಂದು ಕವಡೆಯಲ್ಲಿ ಕಂಡುಬಂದರೆ ಹುಡುಕಾಟ ಶುರು. ನಾಗಬನ ಎಲ್ಲಿದೆ, ತರವಾಡು ಮನೆ ಯಾವುದು, ಧರ್ಮದೈವ ಯಾವುದು, ಅಜ್ಜಿಯ ಅಜ್ಜಿ ಯಾವ ಊರಿನವಳು? ಕಾಣಿಯೂರು, ಪಂಜ, ಎಣ್ಮೂರು ಕಡೆಯ ಹಳ್ಳಿಗಳಲ್ಲಿ ವಂಶಾವಳಿ ಕೆದಕುವ ಕೆಲಸಕ್ಕೆ ಇಂದಿಗೂ ದೊಡ್ಡ ಪ್ರೇರಣೆಗಳಲ್ಲಿ ಇದೂ ಒಂದು.

ಈ ಸೀಮೆಯ ಅತಿ ಹಳೆಯ ದಫ್ತರ ಜನರ ನೆನಪೇ. ಅಳಿಯಸಂತಾನದ ಬಂಟರು, ಬಿಲ್ಲವರು, ಮೊಗವೀರರಲ್ಲಿ ‘ಬರಿ’ ಎಂಬ ಕುಲದ ಗುರುತು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬರಿಯೊಳಗೆ ಮದುವೆ ಕೂಡದು. ಹಾಗಾಗಿ ಸಂಬಂಧ ಕುದುರಿಸುವಾಗಲೆಲ್ಲ ಬರಿ ಕೇಳಲೇಬೇಕಿತ್ತು, ಅದು ಮರೆತುಹೋಗಲು ಅವಕಾಶವೇ ಇರಲಿಲ್ಲ. ಬಂಗೇರ, ಸಾಲಿಯಾನ್, ಕುಂದರ್ ಮೊದಲಾದವು ಅಡ್ಡಹೆಸರುಗಳಾಗಿ ಶಾಲೆಯ ರಿಜಿಸ್ಟರು ಸೇರಿ, ಅನೇಕ ಮನೆಗಳಲ್ಲಿ ತಂದೆಯ ಕಡೆಯಿಂದ ಇಳಿಯತೊಡಗಿದ ಮೇಲೆ ಗೊಂದಲ ಹುಟ್ಟಿತು. ಈಗ ಹೆಸರಿನ ಬಾಲ ನೋಡಿ ಬರಿ ಹೇಳುವಂತಿಲ್ಲ. ಸುಳ್ಯದ ಅರೆಭಾಷೆ ಗೌಡರ ‘ಹತ್ತು ಕುಟುಂಬ ಹದಿನೆಂಟು ಗೋತ್ರ’ದ ಲೆಕ್ಕ ಬೇರೆ. ಅಲ್ಲಿ ವಂಶ ತಂದೆಯಿಂದ ನಡೆಯುತ್ತದೆ, ಹಿರಿಯರ ಮಾತು ಐಗೂರು ಸೀಮೆಯಿಂದ ಘಟ್ಟ ಇಳಿದು ಬಂದ ಕಥೆಗೆ ಹೋಗಿ ನಿಲ್ಲುತ್ತದೆ.

ತುಳುವರ ಕಥನಗೀತೆಗಳಾದ ಪಾಡ್ದನಗಳೂ ವಂಶದ ಕಥೆಗಳೇ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ ತಂಡ 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿತು. ಅದರ 15,683 ಸಾಲುಗಳು ಸಿರಿ, ಸೊನ್ನೆ, ಅಬ್ಬಗ–ದಾರಗ ಎಂದು ಹೆಣ್ಣಿನ ಸಂತತಿಯನ್ನೇ ಹಿಡಿದು ಸಾಗುತ್ತವೆ. ಕೋಟಿ–ಚೆನ್ನಯರ ಕಥೆಯಲ್ಲೂ ತಾಯಿ ದೇಯಿ ಬೈದೆತಿ, ಮಾವ ಸಾಯನ ಬೈದ್ಯರೇ ಮುಖ್ಯರು.

ಬಯಲುಸೀಮೆಯಲ್ಲಿ ಈ ಕೆಲಸಕ್ಕೆ ಕಸುಬುದಾರರೇ ಇದ್ದರು. ಹೆಳವರು ಎತ್ತಿನ ಮೇಲೆ ಊರೂರಿಗೆ ಬಂದು, ಮನೆಯ ಮುಂದೆ ನಿಂತು ಪೀಳಿಗೆಗಳ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಕಾಣಿಕೆ ಪಡೆಯುತ್ತಿದ್ದರು.

ಕಾಗದದ ಯುಗ ಕರಾವಳಿಗೆ ಗಟ್ಟಿಯಾಗಿ ಕಾಲಿಟ್ಟದ್ದು 1799ರಲ್ಲಿ, ಕಂಪನಿ ಸರಕಾರ ಥಾಮಸ್ ಮನ್ರೋನನ್ನು ಕೆನರಾದ ಕಲೆಕ್ಟರನಾಗಿ ನೇಮಿಸಿದಾಗ. ಅಮರ ಸುಳ್ಯದ ಮಾಗಣೆ ಮಾತ್ರ ಕೊಡಗಿನ ಅರಸರ ಕೈಯಲ್ಲಿತ್ತು. 1834ರಲ್ಲಿ ಕೊಡಗು ಕಂಪನಿಯ ವಶವಾದಾಗ ಅದನ್ನು ಕೆನರಾಕ್ಕೆ ಸೇರಿಸಲಾಯಿತು. 1837ರ ಅಮರ ಸುಳ್ಯ ದಂಗೆಯ ಹಿನ್ನೆಲೆಯಲ್ಲಿ ಈ ಬದಲಾವಣೆಯೂ ಇತ್ತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹೀಗಾಗಿ ಸುಳ್ಯ ಕಡೆಯ ಒಂದು ಮನೆತನದ ಜಾಡು ಮಡಿಕೇರಿ, ಮಂಗಳೂರು, ಚೆನ್ನೈ ಮೂರೂ ಕಡೆ ಹರಡಿರಬಹುದು.

ಆ ಕಾಲದ ಕಂದಾಯ ಕಡತಗಳಲ್ಲಿ ಎದ್ದು ಕಾಣುವುದು ವರ್ಗದಾರನ ಹೆಸರು. ತೀರ್ವೆ ಕಟ್ಟುವವನು ಅವನು. ಗದ್ದೆಗಿಳಿದು ಉಳುತ್ತಿದ್ದ ಚಾಲಗೇಣಿ ಒಕ್ಕಲಿನ ಹೆಸರು ಬಹುಮಟ್ಟಿಗೆ ಧನಿಗಳ ಮನೆಯ ಗೇಣಿ ಲೆಕ್ಕದಲ್ಲೇ ಉಳಿಯಿತು, ಆಳುಗಳ ಹೆಸರಿಗೆ ಅಲ್ಲೂ ಜಾಗವಿರಲಿಲ್ಲ. ಐರ್ಲೆಂಡಿನಲ್ಲಿ ಇದು ತಿರುಗುಮುರುಗು. ಅಲ್ಲಿ 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರ ಸುಟ್ಟು, 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಬೂದಿಯಾಯಿತು. ಆದರೂ ಅಮೆರಿಕ, ಆಸ್ಟ್ರೇಲಿಯಾಗಳ ಐರಿಷ್ ಮೂಲದವರು ಬಡ ಗೇಣಿದಾರ ಮುತ್ತಜ್ಜನನ್ನು ಪತ್ತೆ ಮಾಡುತ್ತಾರೆ. ಕಾರಣ, 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಮೌಲ್ಯಮಾಪನವು ಭೂಮಿಯ ಒಡೆಯನ ಜೊತೆಗೆ ಅದನ್ನು ಅನುಭವಿಸುತ್ತಿದ್ದವನ ಹೆಸರನ್ನೂ ಬರೆದುಕೊಂಡಿತ್ತು.

ಪುತ್ತೂರು, ಸುಳ್ಯದ ಒಕ್ಕಲು ಮನೆಗಳಿಗೆ ಅಂಥ ಅವಕಾಶ ಸಿಕ್ಕಿದ್ದು ನೂರು ವರ್ಷಕ್ಕೂ ಹೆಚ್ಚು ತಡವಾಗಿ. ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾದಾಗ ಗೇಣಿದಾರರು ‘ಡಿಕ್ಲರೇಶನ್’ ಕೊಟ್ಟು, ತಾವು ಸಾಗುವಳಿ ಮಾಡುತ್ತಿದ್ದೇವೆಂದು ಭೂನ್ಯಾಯಮಂಡಳಿಯ ಮುಂದೆ ರುಜುವಾತುಪಡಿಸಬೇಕಾಯಿತು. ಭೂಮಿ ಕೊಡಲೆಂದು ಹುಟ್ಟಿದ ಆ ಕಡತಗಳೇ ಇಂದು ಎಷ್ಟೋ ಕುಟುಂಬಗಳ ಮೊದಲ ಲಿಖಿತ ಚರಿತ್ರೆ.

ಹೆಂಗಸರ ಹೆಸರು ಕಾಗದದಲ್ಲಿ ಇನ್ನಷ್ಟು ವಿರಳ. ಸಂತತಿ ನಡೆದದ್ದು ತಾಯಿಯಿಂದಾದರೂ ಯಜಮಾನಿಕೆ ಹೆಚ್ಚಾಗಿ ಮಾವಂದಿರದು, ಸಹಿಯೂ ಅವರದೇ. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ತೆರೆದಾಗ, ಯಾರು ಯಾವ ತಾಯಿಯ ಕವಲಿಗೆ ಸೇರಿದವರೆಂದು ಬರೆದು ತೋರಿಸಬೇಕಾಯಿತು. ಹಳೆಯ ಪಾಲುಪಟ್ಟಿಗಳು ಸಂಶೋಧಕರಿಗೆ ಬೆಲೆಬಾಳುವುದು ಇದಕ್ಕೇ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಬಳಿಕ ಅಳಿಯಸಂತಾನದ ಕಟ್ಟು ಇನ್ನಷ್ಟು ಸಡಿಲವಾಯಿತು.

ಕ್ರೈಸ್ತರ ಹಾದಿ ಸ್ವಲ್ಪ ಸಲೀಸು. ಇಗರ್ಜಿಗಳ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳನ್ನು ಜಾಲಾಡಿ ಮಂಗಳೂರಿನ ಮೈಕೆಲ್ ಲೋಬೊ ಕಥೊಲಿಕ ಕುಟುಂಬಗಳ ವಂಶಾವಳಿಯ ವಿಶ್ವಕೋಶವನ್ನೇ ಸಿದ್ಧಪಡಿಸಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ವರದಿ, ಪತ್ರಗಳು ಸ್ವಿಟ್ಜರ್ಲೆಂಡಿನಲ್ಲಿವೆ.

ಈಚಿನ ದಶಕಗಳಲ್ಲಿ ಕುಟುಂಬದ ದೈವಸ್ಥಾನದ ಬ್ರಹ್ಮಕಲಶಕ್ಕೆ ವಂಶವೃಕ್ಷದ ಪುಸ್ತಕ ಅಚ್ಚಾಗುವುದು, ವಾಟ್ಸ್ಆ್ಯಪ್ ಗುಂಪಿನಲ್ಲಿ ದುಬಾಯಿಯ ಸೋದರಳಿಯ ಕೊಂಡಿ ಸೇರಿಸುವುದು ರೂಢಿಯಾಗಿದೆ. ತಾಯಿಯಿಂದಷ್ಟೇ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ಬರಿಯ ಹಾದಿಯಲ್ಲೇ ಇಳಿಯುತ್ತದೆ. ಆದರೆ ಅದು ಸಾವಿರಾರು ವರ್ಷಗಳ ದೂರದ ನಂಟು ಹೇಳಬಲ್ಲದೇ ಹೊರತು ತರವಾಡಿನ ಹೆಸರು ಹೇಳಲಾರದು. ಅದಕ್ಕೆ ಮತ್ತೆ ಕಚೇರಿಯ ಮೆಟ್ಟಿಲೇ ಗತಿ. 2000ದಲ್ಲಿ ಬಂದ ‘ಭೂಮಿ’ ತಂತ್ರಾಂಶ ಪಹಣಿಯನ್ನು ಗಣಕಕ್ಕೆ ಏರಿಸಿತು. ಅದಕ್ಕೂ ಹಿಂದಿನ ಅಡಂಗಲ್ ಬೇಕಾದವರು ಹಳೆಯ ದಫ್ತರವನ್ನೇ ಬಿಚ್ಚಿಸಬೇಕು. ಪುತ್ತೂರು, ಸುಳ್ಯಗಳಿಂದ ಗ್ರಾಮಗಳನ್ನು ಬೇರ್ಪಡಿಸಿ ಕಡಬ ತಾಲೂಕು ಮಾಡಿದ ಮೇಲೆ, ಕಾಣಿಯೂರಿನ ಮನೆಯೊಂದರ ಕಡತ ಕೇಳುವವರು ಹಳೆಯ ತಾಲೂಕು ಯಾವುದೆಂದು ಮೊದಲು ಖಚಿತಪಡಿಸಿಕೊಂಡು ಅರ್ಜಿ ಬರೆಯುವುದು ಒಳ್ಳೆಯದು.