ಸಂತ ಬೆನೆಡಿಕ್ಟರ ನಿಯಮ ಮತ್ತು ನಮ್ಮ ಮೊಬೈಲಿನೊಳಗಿನ ಡೇಟಾಬೇಸ್



ಕಳೆದ ವರ್ಷ ನಮ್ಮ ಚರ್ಚಿನ ಕುಟುಂಬಗಳ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವ ಕೆಲಸವನ್ನು ಫಾದರ್ ನಮ್ಮ ಯುವ ಘಟಕಕ್ಕೆ ಒಪ್ಪಿಸಿದರು. ವಾಳೆ ಗುರಿಕಾರರು ಮನೆಮನೆಗೆ ಹೋಗಿ ಬರೆದು ತಂದ ಹಾಳೆಗಳು ಒಂದು ಕಡೆ. ಹಿಂದೊಮ್ಮೆ ದುಡ್ಡು ಕೊಟ್ಟು ತರಿಸಿದ್ದ ಪ್ರೋಗ್ರಾಮಿನಲ್ಲಿದ್ದ ಹಳೇ ಪಟ್ಟಿ ಇನ್ನೊಂದು ಕಡೆ. ಆ ಪ್ರೋಗ್ರಾಮಿನ ವಾಯಿದೆ ಮುಗಿದುಹೋಗಿತ್ತು. ಹೆಸರುಗಳು ನಮ್ಮವೇ, ಟೈಪ್ ಮಾಡಿದವರೂ ನಮ್ಮವರೇ, ಆದರೆ ತೆರೆಯಲು ಆಗುತ್ತಿರಲಿಲ್ಲ. ಕೊನೆಗೆ ಎಲ್ಲವನ್ನೂ ಮೊದಲಿನಿಂದ ಟೈಪ್ ಮಾಡಿದೆವು, ಈ ಸಲ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನಲ್ಲಿ. ಬಿಎಸ್ಸಿ ಓದುವಾಗ ಇದರ ಹೆಸರು ಕೇಳಿದ್ದೆ, ಚರಿತ್ರೆ ಗೊತ್ತಿರಲಿಲ್ಲ. ಹುಡುಕಿ ಓದುತ್ತಾ ಹೋದರೆ ಅದರಲ್ಲಿ ಆರನೇ ಶತಮಾನದ ಒಬ್ಬ ಸಂತರು ಸಿಕ್ಕಿದರು!

ಮೊದಲು ಡೇಟಾಬೇಸ್ ಎಂದರೇನು ಎಂದು ಎರಡು ಮಾತು. ಚರ್ಚಿನ ಆಫೀಸಿನಲ್ಲಿ ಕುಟುಂಬಗಳ ಪುಸ್ತಕ ಬೇರೆ, ಜ್ಞಾನಸ್ನಾನದ ಪುಸ್ತಕ ಬೇರೆ, ಮದುವೆಯ ಪುಸ್ತಕ ಬೇರೆ ಇರುತ್ತದಲ್ಲ? ಒಬ್ಬರ ವಿವರ ಎಲ್ಲ ಪುಸ್ತಕಗಳಲ್ಲಿ ಹರಡಿದ್ದರೂ ಒಂದು ಸಂಖ್ಯೆ ಹಿಡಿದು ಒಂದಕ್ಕೊಂದು ಜೋಡಿಸಬಹುದು. ಮಾಹಿತಿಯನ್ನು ಹೀಗೆ ಕೋಷ್ಟಕಗಳಲ್ಲಿಟ್ಟು ಸಂಬಂಧ ಕೂಡಿಸುವ ಪದ್ಧತಿಯನ್ನು ಕಂಪ್ಯೂಟರಿಗೆ ಸೂಚಿಸಿದವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್, 1970ರಲ್ಲಿ. ರಿಲೇಷನಲ್ ಡೇಟಾಬೇಸ್ ಎನ್ನುವುದು ಇದನ್ನೇ.

ಇನ್ನು ಎಸ್‌ಕ್ಯೂಲೈಟ್ ಕಥೆ. ಅಮೆರಿಕದ ರಿಚರ್ಡ್ ಹಿಪ್ ಎಂಬ ಪ್ರೋಗ್ರಾಮರ್ ಅಲ್ಲಿನ ನೌಕಾಪಡೆಯ ಯುದ್ಧನೌಕೆಯೊಂದಕ್ಕೆ ಬೇಕಾದ ಸಾಫ್ಟ್‌ವೇರ್ ಬರೆಯುತ್ತಿದ್ದರು. ಹಡಗಿಗೆ ಪೆಟ್ಟು ಬಿದ್ದಾಗ ಯಾವ ಪೈಪಿನ ವಾಲ್ವ್ ಮುಚ್ಚಬೇಕು, ಯಾವುದನ್ನು ತೆರೆಯಬೇಕು ಎಂದು ಹೇಳುವ ಪ್ರೋಗ್ರಾಂ ಅದು. ಅದಕ್ಕೆ ಬೇಕಾದ ಮಾಹಿತಿ ಇದ್ದದ್ದು ಬೇರೊಂದು ದೊಡ್ಡ ಡೇಟಾಬೇಸ್ ಸರ್ವರಿನಲ್ಲಿ. ಸರ್ವರ್ ನಿಂತರೆ ಹಿಪ್ ಅವರ ಪ್ರೋಗ್ರಾಂ ಪರದೆಯ ಮೇಲೆ ‘ಸಂಪರ್ಕ ಸಿಗುತ್ತಿಲ್ಲ’ ಎಂಬ ಅರ್ಥದ ಸಂದೇಶ ತೋರಿಸುತ್ತಿತ್ತು. ತಪ್ಪು ಸರ್ವರಿನದು, ಬೈಗುಳ ಇವರಿಗೆ! ಬೇಕಾದ ಮಾಹಿತಿ ಡಿಸ್ಕಿನಲ್ಲೇ ಇರುವಾಗ ನಡುವೆ ಸರ್ವರ್ ಯಾಕೆ, ನೇರ ಫೈಲಿನಿಂದಲೇ ಓದಿದರೆ ಆಗದೇ ಎಂದು ಅವರಿಗೆ ಅನ್ನಿಸಿತು. ಆ ಯೋಚನೆಯಿಂದ ಹುಟ್ಟಿದ ಮೊದಲ ಆವೃತ್ತಿ 2000ದ ಆಗಸ್ಟ್‌ನಲ್ಲಿ ಹೊರಬಂತು. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಇಡೀ ಡೇಟಾಬೇಸ್ ಒಂದೇ ಫೈಲು. ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಬಹುದು.

2004ರಲ್ಲಿ ಮೂರನೇ ಆವೃತ್ತಿ ಬಂತು, ಆಮೇಲೆ ಮೊಬೈಲುಗಳ ಕಾಲವೂ ಬಂತು. ಇವತ್ತು ಎಲ್ಲ ಆಂಡ್ರಾಯ್ಡ್ ಫೋನು, ಐಫೋನುಗಳಲ್ಲಿ ಎಸ್‌ಕ್ಯೂಲೈಟ್ ಇದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರ್‌ಗಳಲ್ಲೂ ಇದೆ. ಅಮ್ಮಂದಿರ ವಾಟ್ಸಾಪ್ ಸಂದೇಶಗಳು ಫೋನಿನಲ್ಲಿ ಕೂತಿರುವುದೂ ಇದರದ್ದೇ ಫೈಲಿನಲ್ಲಿ. ಬಳಕೆಯಲ್ಲಿರುವ ಇಂಥ ಫೈಲುಗಳು ಒಂದು ಲಕ್ಷ ಕೋಟಿಗೂ ಹೆಚ್ಚು ಇರಬಹುದು ಎಂದು ಅದರ ತಂಡ ಅಂದಾಜು ಮಾಡಿದೆ. 2018ರ ಹೊತ್ತಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮಾಹಿತಿಯನ್ನು ಬಹುಕಾಲ ಕಾಪಾಡಿ ಇಡಲು ಶಿಫಾರಸು ಮಾಡಿದ ಕೆಲವೇ ಫೈಲ್ ಬಗೆಗಳಲ್ಲಿ ಇದೂ ಒಂದಾಗಿತ್ತು. (ಒಂದು ತಮಾಷೆ: ಒಂದು ಆಂಟಿವೈರಸ್ ಕಂಪನಿ ಇದನ್ನು ಬಳಸುತ್ತಿತ್ತು. ಕಂಪ್ಯೂಟರಿನಲ್ಲಿ ಎಸ್‌ಕ್ಯೂಲೈಟ್ ಹೆಸರಿನ ತಾತ್ಕಾಲಿಕ ಫೈಲುಗಳನ್ನು ಕಂಡ ಜನ ಫೋನ್ ನಂಬರ್ ಹುಡುಕಿ ರಾತ್ರಿ ನಿದ್ದೆಯಿಂದ ಎಬ್ಬಿಸಿ ದೂರುತ್ತಿದ್ದರಂತೆ. 2006ರಲ್ಲಿ ತಂಡದವರು ಆ ಫೈಲುಗಳ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿಬಿಟ್ಟರು.)

ಇಷ್ಟು ದೊಡ್ಡ ವಸ್ತುವಿಗೆ ಮಾಲೀಕರು ಯಾರು? ಯಾರೂ ಇಲ್ಲ. ಹಿಪ್ ಅದನ್ನು ಸಾರ್ವಜನಿಕ ಸೊತ್ತಾಗಿ ಬಿಟ್ಟುಕೊಟ್ಟಿದ್ದಾರೆ. ಬೇರೆ ಸಾಫ್ಟ್‌ವೇರ್‌ಗಳ ಕೋಡಿನ ತಲೆಯಲ್ಲಿ ವಕೀಲರ ಭಾಷೆಯ ಲೈಸೆನ್ಸ್ ಇರುವ ಜಾಗದಲ್ಲಿ ಇಲ್ಲಿ ಒಂದು ಪುಟ್ಟ ಆಶೀರ್ವಾದವಿದೆ. ಒಳ್ಳೆಯದನ್ನು ಮಾಡುವುದು, ಕ್ಷಮಿಸುವುದು, ಧಾರಾಳವಾಗಿ ಹಂಚಿಕೊಳ್ಳುವುದು ಎಂಬ ಹಾರೈಕೆ. ಆದರೆ ಹೊರಗಿನವರು ಬರೆದುಕೊಟ್ಟ ಕೋಡನ್ನು ಇವರು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಕೋಡ್ ಬರೆದವರೆಲ್ಲ ತಮ್ಮ ಹಕ್ಕು ಬಿಟ್ಟಿದ್ದೇವೆಂದು ಸಹಿ ಮಾಡಿದ ಕಾಗದಗಳನ್ನು ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಬೆರಳೆಣಿಕೆಯ ಜನ ಬರೆಯುತ್ತಾರೆ, ಉಳಿದವರೆಲ್ಲ ಬಳಸಬಹುದು.

ಈಗ ಸಂತರ ವಿಷಯ. 2018ರಲ್ಲಿ ಕೆಲವು ಗ್ರಾಹಕ ಕಂಪನಿಗಳು ‘ನಿಮ್ಮ ತಂಡದ ನಡತೆಯ ನಿಯಮಾವಳಿ ಎಲ್ಲಿದೆ’ ಎಂದು ಹಿಪ್ ಅವರನ್ನು ಕೇಳತೊಡಗಿದವು. ಬೇರೆಯವರು ಸಿದ್ಧ ನಿಯಮಾವಳಿಯೊಂದನ್ನು ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಕ್ರೈಸ್ತರಾದ ಹಿಪ್ ಮಾತ್ರ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗೆ ಬರೆದ ನಿಯಮದ ನಾಲ್ಕನೇ ಅಧ್ಯಾಯವನ್ನು ತಂದು ಹಾಕಿದರು. ಅದರಲ್ಲಿ 70ಕ್ಕೂ ಹೆಚ್ಚು ಮಾತುಗಳಿವೆ. ದೇವರನ್ನು, ನೆರೆಯವರನ್ನು ಪ್ರೀತಿಸುವುದರಿಂದ ಹಿಡಿದು ರೋಗಿಗಳನ್ನು ನೋಡಲು ಹೋಗುವುದು, ಗೊಣಗದಿರುವುದು, ಜಗಳವಾದರೆ ಅದೇ ದಿನ ರಾಜಿಯಾಗುವುದು, ಎಲ್ಲ.

ಅಕ್ಟೋಬರ್ ಹೊತ್ತಿಗೆ ಇದು ಪ್ರೋಗ್ರಾಮರುಗಳ ಕಣ್ಣಿಗೆ ಬಿತ್ತು, ಗದ್ದಲವೋ ಗದ್ದಲ. ಇದೊಂದು ಕುಚೋದ್ಯ ಎಂದರು ಕೆಲವರು. ಕ್ರೈಸ್ತರಲ್ಲದವರು ಈ ತಂಡದಲ್ಲಿ ಇರುವುದು ಹೇಗೆ ಎಂದು ಕೇಳಿದರು ಇನ್ನು ಕೆಲವರು. ಇದು ನಾವು ನಮಗೆ ಮಾಡಿಕೊಂಡ ಪ್ರತಿಜ್ಞೆ, ಬೇರೆ ಯಾರ ಮೇಲೂ ಕಡ್ಡಾಯವಲ್ಲ ಎಂಬುದು ಹಿಪ್ ಅವರ ಉತ್ತರ. ಕೊನೆಗೆ ಅವರು ಬೆನೆಡಿಕ್ಟರ ನಿಯಮಕ್ಕೆ ‘ನೈತಿಕ ಸಂಹಿತೆ’ ಎಂದು ಬೇರೆ ಹೆಸರು ಕೊಟ್ಟು ಉಳಿಸಿಕೊಂಡರು, ನಡತೆಯ ನಿಯಮಕ್ಕೆ ಮೊಜಿಲ್ಲಾ ಸಂಸ್ಥೆಯ ಮಾರ್ಗಸೂಚಿಯನ್ನು ತೆಗೆದುಕೊಂಡರು. ನನಗೆ ಎರಡೂ ಕಡೆಯ ಮಾತು ಅರ್ಥವಾಗುತ್ತದೆ. ಮಲಯಾಳಂ, ತುಳು, ಕನ್ನಡ, ಕೊಂಕಣಿ ಎಲ್ಲ ಕೂಡಿದ, ಎಲ್ಲ ಧರ್ಮದವರಿರುವ ಊರಲ್ಲಿ ಬೆಳೆದವರು ನಾವು. ಪಂಚಾಯತ್ ಆಫೀಸಿನ ಗೋಡೆಯ ಮೇಲೆ ಒಂದೇ ಧರ್ಮದ ನಿಯಮ ಬರೆದಿದ್ದರೆ ಹೇಗನಿಸುತ್ತದೆ ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆದರೂ ಆ ಪಟ್ಟಿಯನ್ನು ತಮಾಷೆಗೆ ಹಾಕಿದ್ದು ಎಂದವರ ಮಾತನ್ನು ನಾನು ಒಪ್ಪುವುದಿಲ್ಲ. ಮೂಲ ಕೋಡಿನ 590 ಪಟ್ಟು ಪರೀಕ್ಷೆಯ ಕೋಡ್ ಬರೆದಿಟ್ಟ ತಂಡವದು. ತಾಳ್ಮೆ ಅವರಿಗೆ ಬಾಯಿಮಾತಲ್ಲ.

ಎಲ್ಲ ಡೇಟಾಬೇಸುಗಳ ಭಾಗ್ಯ ಹೀಗಿಲ್ಲ. ಮೈಕಲ್ ವಿಡೇನಿಯಸ್ ತಮ್ಮ ಮಗಳು ‘ಮೈ’ ಹೆಸರಿಟ್ಟ ಮೈಎಸ್‌ಕ್ಯೂಎಲ್ 2008ರಲ್ಲಿ ಸುಮಾರು 100 ಕೋಟಿ ಡಾಲರಿಗೆ ಸನ್ ಕಂಪನಿಯ ಪಾಲಾಯಿತು. 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಿತು. ಒರಾಕಲ್ ಸ್ವತಃ ಡೇಟಾಬೇಸ್ ಮಾರುವ ಕಂಪನಿ. ಈ ಮಾರಾಟದ ಸುಳಿವು ಸಿಕ್ಕಾಗಲೇ, 2009ರಲ್ಲಿ, ವಿಡೇನಿಯಸ್ ಅದೇ ಕೋಡಿನಿಂದ ಕವಲೊಡೆದು ಕಿರಿಯ ಮಗಳು ಮರಿಯಾಳ ಹೆಸರಲ್ಲಿ ಮರಿಯಾಡಿಬಿ ಶುರು ಮಾಡಿದರು. ಮೂಲ ತೆರೆದಿದ್ದರಿಂದ ಅದು ಸಾಧ್ಯವಾಯಿತು.

ಎಸ್‌ಕ್ಯೂಲೈಟಿನಲ್ಲೂ ಚರ್ಚೆ ಮುಗಿದಿಲ್ಲ. ಹೊರಗಿನವರ ಕೊಡುಗೆಗೆ ಬಾಗಿಲು ಮುಚ್ಚಿದ್ದು ಸರಿಯಲ್ಲ ಎಂದು ಒಂದು ಗುಂಪು 2022ರಲ್ಲಿ ಲಿಬ್‌ಎಸ್‌ಕ್ಯೂಎಲ್ ಎಂಬ ಕವಲನ್ನು ಆರಂಭಿಸಿತು. ಯಾರು ಬೇಕಾದರೂ ಸೇರಬಹುದಾದ ತಂಡ ಅದು. ಆಮೇಲೆ ಅದೇ ಜನ ರಸ್ಟ್ ಭಾಷೆಯಲ್ಲಿ ಎಲ್ಲವನ್ನೂ ಹೊಸದಾಗಿ ಬರೆಯಲು ಹೊರಟಿದ್ದಾರೆ. ಎಲ್ಲರನ್ನೂ ಸೇರಿಸಿಕೊಂಡರೆ ಕೆಲಸ ಬೇಗ ಸಾಗುತ್ತದೆ ಎಂಬುದು ಇವರ ವಾದ. ನಾಲ್ಕೇ ಜನ ನೋಡಿಕೊಂಡರೆ ಕೆಡುವುದಿಲ್ಲ ಎಂಬುದು ಹಳಬರ ವಾದ. ಹಬ್ಬದ ತಯಾರಿಯ ಮೀಟಿಂಗಿನಲ್ಲಿ ಕೂತವರಿಗೆ ಇದು ಹೊಸ ಜಗಳವಲ್ಲ.

ಹಿಪ್ ಅವರ ತಂಡ 2050ರವರೆಗೆ ಎಸ್‌ಕ್ಯೂಲೈಟನ್ನು ನೋಡಿಕೊಳ್ಳುವುದಾಗಿ ಹೇಳಿದೆ. ನಮ್ಮ ಕುಟುಂಬ ಪಟ್ಟಿಯ ಫೈಲಿನ ಒಂದು ಪ್ರತಿ ಫಾದರ್ ಹತ್ತಿರವಿದೆ, ಒಂದು ನನ್ನ ಹತ್ತಿರ. ಎರಡು ವಾಳೆಗಳ ಹಾಳೆಗಳು ಇನ್ನೂ ಬರಬೇಕಾಗಿವೆ. ಗುರಿಕಾರರು ದಯಮಾಡಿ ಮುಂದಿನ ಭಾನುವಾರ ಪೂಜೆಯ ನಂತರ ತಂದುಕೊಡಿ.